ನಿಮಗಿದು ಗೊತ್ತೆ? ದೇಹವೇ ಪ್ರಾರ್ಥಿಸುವ ತಪಸ್ಸುಕಾಲ

ಪಾಶ್ಚಾತ್ಯ ಸಭೆಗಳಲ್ಲಿ ಬೂದಿ ಬುಧವಾರದಿಂದ ಆರಂಭವಾಗುವ ತಪಸ್ಸುಕಾಲದಲ್ಲಿ ಕ್ರೈಸ್ತರ ಪ್ರಾರ್ಥನೆಯು ವಾಕ್ಕಿಗಷ್ಟೇ ಸೀಮಿತವಾಗಿರದೆಂಬುದಕ್ಕೆ ಕಥೋಲಿಕರ ಶಿಲುಬೆಯ ಹಾದಿಗಿಂತ ಹೃದಯಂಗಮವಾದ ನಿದರ್ಶನವು ದೊರೆಯಲಾರದು. ಜೆರುಸಲೇಮಿಗೆ ಹೋಗಲಾರದ ಭಕ್ತರೂ ಯೇಸು ಶಿಲುಬೆ ಹೊತ್ತು ನಡೆದ ಮಾರ್ಗವನ್ನು ತಮ್ಮೂರಿನ ಚರ್ಚಿನ ಗೋಡೆಗಳ ನಡುವೆಯೇ ಕ್ರಮಿಸಲೆಂದು ಫ್ರಾನ್ಸಿಸ್ಕನ್ ಸಂನ್ಯಾಸಿಗಳು ಯೂರೋಪಿನಲ್ಲಿ ಹರಡಿದ ಈ ಸಾಧನೆಯಲ್ಲಿ, ಹಿಂದೆ ಊರಿಗೊಂದು ಬಗೆಯಾಗಿದ್ದ, ನಡುನಡುವೆ ನಿಂತು ಪ್ರಾರ್ಥಿಸುವ ಸ್ಥಾನಗಳ ಸಂಖ್ಯೆಯನ್ನು 1731ರಲ್ಲಿ ಪೋಪ್ ಹನ್ನೆರಡನೆಯ ಕ್ಲೆಮೆಂಟರು 14 ಎಂದು ನಿಶ್ಚಯಿಸಿದರು.

ಪೌರಸ್ತ್ಯ ಆರ್ಥೊಡಾಕ್ಸ್ ಸಭೆಗಳಲ್ಲಿಯಾದರೋ, 4ನೆಯ ಶತಮಾನದ ಸಿರಿಯದ ಸಂತ ಎಫ್ರೇಮನದೆಂದು ಪರಂಪರೆಯು ನಂಬುವ ಕಿರುಪ್ರಾರ್ಥನೆಯನ್ನು, ಹಣೆ ನೆಲಕ್ಕೆ ಮುಟ್ಟುವಂತೆ ಅಡ್ಡಬೀಳುತ್ತ ಹೇಳುವರು. ಆಲಸ್ಯದಿಂದಲೂ ವ್ಯರ್ಥಾಲಾಪದಿಂದಲೂ ಬಿಡಿಸೆಂದು ಬೇಡಿ, ಕಡೆಗೆ, ನನಗಂತೂ ಇದೇ ಅತ್ಯಂತ ಕಠಿನವಾದ ಯಾಚನೆಯೆನಿಸುತ್ತದೆ, ಸೋದರನಿಗೆ ತೀರ್ಪು ನೀಡದೆ ಸ್ವದೋಷವನ್ನು ಕಾಣುವ ಕಣ್ಣನ್ನು ಕೊಡೆಂದು ಕೇಳಿಕೊಳ್ಳುವರು.