ಕಿರುತೆರೆಯ ಹಳೆಯ ಜಾಹೀರಾತುಗಳು

1941ನೆಯ ಇಸವಿಯ ಜುಲೈ 1ರಂದು ನ್ಯೂಯಾರ್ಕಿನ ದೂರದರ್ಶನ ಕೇಂದ್ರವೊಂದು, ಬೇಸ್‌ಬಾಲ್ ಪಂದ್ಯದ ಪ್ರಸಾರಕ್ಕೆ ಮುಂಚೆ, ಅಮೆರಿಕದ ಭೂಪಟದ ಮೇಲೆ ಬುಲೋವಾ ಗಡಿಯಾರವೊಂದನ್ನು ಕೆಲವೇ ಕ್ಷಣಗಳ ಕಾಲ ತೋರಿಸಿತು. ಆ ದೇಶದ ಕಿರುತೆರೆಯ ಪ್ರಥಮ ಅಧಿಕೃತ ಜಾಹೀರಾತೆಂದು ಪರಿಗಣಿತವಾಗಿರುವುದು ಇದೇ.

ಮುಂದಿನ ದಶಕದ ಜಾಹೀರಾತುಗಳಲ್ಲಿ ಅನೇಕವು ನೇರಪ್ರಸಾರದವಾಗಿದ್ದುದರಿಂದ, ಅವುಗಳಲ್ಲಿ ನಾಟಕರಂಗದ ಆತಂಕವೂ ಸಜೀವತೆಯೂ ಬೆರೆತಿದ್ದುವು. ಟೈಮೆಕ್ಸ್ ಕೈಗಡಿಯಾರದ ಗಟ್ಟಿತನವನ್ನು ಸಾರಲೋಸುಗ ಜಾನ್ ಕ್ಯಾಮರಾನ್ ಸ್ವೇಜ಼್ ಎಂಬ ಪ್ರಸಿದ್ಧ ವಾರ್ತಾವಾಚಕರು ಅದನ್ನು ದೋಣಿಯ ಮೋಟಾರಿನ ರೆಕ್ಕೆಗೆ ಕಟ್ಟಿಸಿ ನೀರಿನಲ್ಲಿ ತಿರುಗಿಸಿದರು. ಮೋಟಾರನ್ನು ಮೇಲೆತ್ತಿ ನೋಡಿದಾಗ ರೆಕ್ಕೆಯ ಮೇಲೆ ಗಡಿಯಾರವೇ ಇರಲಿಲ್ಲ! ಅಭ್ಯಾಸದ ವೇಳೆ ಎಲ್ಲವೂ ಸರಿಯಾಗಿತ್ತೆಂದು ಅವರು ಪ್ರೇಕ್ಷಕರಿಗೆ ಸಮಾಧಾನ ಹೇಳಬೇಕಾಯಿತು. ಇಂತಹ ಮಾನುಷ ಕ್ಷಣಗಳೇ ಆ ಜಾಹೀರಾತುಗಳನ್ನು ಪ್ರಿಯವಾಗಿಸಿವೆಯೆಂದು ನಾನು ನಂಬುತ್ತೇನೆ.

1956ರಲ್ಲಿ ವಿಡಿಯೋ ಟೇಪು ಬರುವ ತನಕ, ನೇರಪ್ರಸಾರವನ್ನು ಉಳಿಸಿಕೊಳ್ಳಲು ಕಿರುತೆರೆಯ ಮುಂದೆಯೇ ಚಲನಚಿತ್ರದ ಕ್ಯಾಮೆರಾ ಇಟ್ಟು ಚಿತ್ರೀಕರಿಸಬೇಕಾಗಿತ್ತು. ಇಂದು ನೋಡುವವರ ಮನವನ್ನು ಸೆಳೆಯುವ ಆ ಮಸುಕು ಬೂದುಬಣ್ಣಕ್ಕೆ ಬಹುಮಟ್ಟಿಗೆ ಈ ವಿಧಾನವೇ ಕಾರಣ. ವಾಹಿನಿಗಳು ಬೆರಳೆಣಿಕೆಯಷ್ಟಿದ್ದ ಆ ಕಾಲದಲ್ಲಿ ನೆರೆಹೊರೆಯವರೆಲ್ಲರೂ ಒಂದೇ ಹಾಡನ್ನು ಕೇಳಿ ಗುನುಗುತ್ತಿದ್ದರಾಗಿ, ಒಬ್ಬರ ಸ್ಮೃತಿಯು ಒಂದು ತಲೆಮಾರಿನ ಸ್ಮೃತಿಯೇ ಆಯಿತು.

ಆದರೆ ಆ ಮೋಹಕತೆಯೇ ಅಪಾಯಕಾರಿಯೂ ಆಗಿತ್ತು. 1948ರ ಲಕಿ ಸ್ಟ್ರೈಕ್ ಜಾಹೀರಾತಿನಲ್ಲಿ ಸಿಗರೇಟುಗಳೇ ಜೋಡಿಜೋಡಿಯಾಗಿ ಜಾನಪದ ನೃತ್ಯವಾಡುತ್ತವೆ. ಒಂದೊಂದು ಚೌಕಟ್ಟಿಗೂ ಅವುಗಳನ್ನು ಕಿಂಚಿತ್ತೇ ಸರಿಸಿ ಚಿತ್ರೀಕರಿಸಿದ ಆ ಕಲಾಕೌಶಲವನ್ನು ಮೆಚ್ಚುವಾಗಲೂ, ಅದು ಮಾರಿದ ವಸ್ತುವನ್ನು ನೆನೆದು ಮನಸ್ಸು ಮುದುಡುತ್ತದೆ. ಸಿಗರೇಟಿನ ಜಾಹೀರಾತುಗಳನ್ನು ಅಮೆರಿಕದ ರೇಡಿಯೋ ಮತ್ತು ದೂರದರ್ಶನಗಳಿಂದ ಕಾನೂನು ಹೊರಹಾಕಿದ್ದು 1971ರ ಜನವರಿಯಲ್ಲಿ.