ಪರಕೀಯರೋ, ಒಂದೇ ನಾಡಿನವರೋ?

ಇಂಗ್ಲೆಂಡಿನ ಪಶ್ಚಿಮಕ್ಕೆ ಹೊಂದಿಕೊಂಡಿರುವ ಗುಡ್ಡಗಾಡಿನ ಕಿರುನಾಡನ್ನು ಲೋಕವೆಲ್ಲ ವೇಲ್ಸ್ ಎಂದು ಕರೆಯುತ್ತದೆ. ಆದರೆ ಅದು ಆ ಜನರು ತಮಗೆ ತಾವೇ ಇಟ್ಟುಕೊಂಡ ಹೆಸರಲ್ಲ. ಅದರ ಮೂಲವಾದ ಹಳೆಯ ಇಂಗ್ಲಿಷಿನ ಪದಕ್ಕೆ ಪರಕೀಯ ಎಂದು ಅರ್ಥ. ಕಡಲು ದಾಟಿ ಬಂದು ಬ್ರಿಟನ್ನಿನಲ್ಲಿ ನೆಲೆನಿಂತ ಆಂಗ್ಲೋ-ಸ್ಯಾಕ್ಸನ್ನರು ಅಲ್ಲಿಯೇ ಮೊದಲಿನಿಂದ ಇದ್ದವರಿಗೆ ಈ ಹೆಸರನ್ನಿತ್ತರು. ಬಂದವರು ಮನೆಯವರಾದರು, ಮನೆಯವರು ಪರಕೀಯರಾದರು! ಅಕ್ರೋಟನ್ನು ಇಂಗ್ಲಿಷರು ವಾಲ್‌ನಟ್ ಎನ್ನುತ್ತಾರಷ್ಟೆ? ಅಲ್ಲಿಯೂ ಇದೇ ಪದ ಅಡಗಿದೆ: ಪರದೇಶದ ಕಾಯಿ.

ಹಾಗಾದರೆ ಈ ಜನರು ತಮ್ಮನ್ನು ಏನೆಂದು ಕರೆದುಕೊಳ್ಳುತ್ತಾರೆ? 'ಕಮ್ರಿ' ಎಂದು. ಒಬ್ಬನಾದರೆ 'ಕಮ್ರೊ'. ಭಾಷಾಶಾಸ್ತ್ರಜ್ಞರು ಇದರ ಮೂಲವನ್ನು ಪ್ರಾಚೀನ ಬ್ರಿಟನ್ನಿನ ಕೆಲ್ಟಿಕ್ ನುಡಿಯ 'ಕೊಂಬ್ರೊಗಿ' ಎಂಬ ರೂಪದಲ್ಲಿ ಗುರುತಿಸಿದ್ದಾರೆ. 'ಕೊಮ್' ಎಂದರೆ ಜೊತೆ. 'ಬ್ರೊಗ್' ಎಂದರೆ ಎಲ್ಲೆ, ಎಲ್ಲೆಯೊಳಗಿನ ನೆಲ. ಇದರಿಂದ ಬಂದ 'ಬ್ರೊ' ಎಂಬ ಪದ ಸೀಮೆ ಎಂಬ ಅರ್ಥದಲ್ಲಿ ವೆಲ್ಷ್ ಭಾಷೆಯಲ್ಲಿ ಇಂದಿಗೂ ಬಳಕೆಯಲ್ಲಿದೆ. ಅಂದಮೇಲೆ ಕಮ್ರಿ ಎಂದರೆ ಒಂದೇ ನಾಡಿನ ಜೊತೆಗಾರರು. ಈ ಹೆಸರಿನಲ್ಲಿ ಅರಸನಿಲ್ಲ, ಕುಲವಿಲ್ಲ; ಹಂಚಿಕೊಂಡು ಬಾಳಿದ ನೆಲವೊಂದೇ ಇದೆ. ಉತ್ತರ ಇಂಗ್ಲೆಂಡಿನ ಕಂಬ್ರಿಯ ಸೀಮೆಯ ಹೆಸರೂ ಇದೇ ಮೂಲದ್ದು. ಇದಕ್ಕೆ ಸೋದರಿಯಾದ ನುಡಿಯನ್ನು ಅಲ್ಲಿಯೂ ಹಿಂದೆ ಆಡುತ್ತಿದ್ದರು.

ನಾಡಿನ ಹೆಸರೂ ಕಿವಿಗೆ 'ಕಮ್ರಿ'ಯೇ. ಬರವಣಿಗೆಯಲ್ಲಿ ಮಾತ್ರ ಕೊನೆಯ ಅಕ್ಷರ ಬೇರೆ. ಆಡುವಾಗ ನಾಡು ಯಾವುದು, ಜನ ಯಾರು ಎಂದು ಬೇರ್ಪಡಿಸಲಾಗದು.

ಇಂಥ ಹೆಸರನ್ನು ಹೊತ್ತ ಭಾಷೆ ತನ್ನ ನೆಲದಲ್ಲಿಯೇ ಅಪಮಾನವನ್ನುಂಡಿತು. 19ನೆಯ ಶತಮಾನದಲ್ಲಿ ಅಲ್ಲಿನ ಹಲವು ಶಾಲೆಗಳಲ್ಲಿ ವೆಲ್ಷ್ ನುಡಿದ ಮಗುವಿನ ಕೊರಳಿಗೆ ಮರದ ತುಂಡೊಂದನ್ನು ಕಟ್ಟುತ್ತಿದ್ದರು. ಅದೇ ತಪ್ಪನ್ನು ಮಾಡಿದ ಮತ್ತೊಂದು ಮಗು ಸಿಕ್ಕರೆ ಅದು ಆ ಕೊರಳಿಗೆ ಹೋಗುತ್ತಿತ್ತು. ದಿನದ ಕೊನೆಗೆ ಅದನ್ನು ತೊಟ್ಟಿದ್ದವನಿಗೆ ಶಿಕ್ಷೆ. ಒಂದೇ ನಾಡಿನ ಜೊತೆಗಾರರನ್ನು ಒಬ್ಬರ ಮೇಲೊಬ್ಬರು ಚಾಡಿ ಹೇಳುವಂತೆ ಮಾಡಿದ ಉಪಾಯವಿದು!

1911ರ ಜನಗಣತಿಯಲ್ಲಿ ನೂರಕ್ಕೆ 43ಕ್ಕೂ ಹೆಚ್ಚು ಮಂದಿ ವೆಲ್ಷ್ ಬಲ್ಲವರಾಗಿದ್ದರು. 2021ರಲ್ಲಿ ಆ ಸಂಖ್ಯೆ 18ಕ್ಕೂ ಕಡಮೆ. ಆದರೂ ನುಡಿ ನಂದಿಲ್ಲ. 1939ರಲ್ಲಿ ಅಬರಿಸ್ಟ್ವಿತ್ ಪಟ್ಟಣದಲ್ಲಿ ಏಳು ಮಕ್ಕಳೊಡನೆ ಮೊದಲ ವೆಲ್ಷ್ ಮಾಧ್ಯಮದ ಪ್ರಾಥಮಿಕ ಶಾಲೆ ತೆರೆಯಿತು. 2011ರ ಶಾಸನವು ಆ ಭಾಷೆಗೆ ವೇಲ್ಸಿನಲ್ಲಿ ಅಧಿಕೃತ ಸ್ಥಾನವನ್ನಿತ್ತಿತು. ಹಿಂದೆ ಯಾವ ಮಾತಿಗಾಗಿ ಮಗು ಕೊರಳು ತಗ್ಗಿಸಬೇಕಾಗಿತ್ತೋ, ಅದೇ ಮಾತಿನಲ್ಲಿ ಇಂದಿನ ಮಗು ಮಗ್ಗಿ ಕಲಿಯುತ್ತಿದೆ. ನೆರೆಯವರು ಕೊಟ್ಟ ಹೆಸರು ಭೂಪಟದಲ್ಲಿ ಉಳಿದಿರಬಹುದು. ಮನೆಯ ಹೆಸರು ಮನೆಯವರ ಬಾಯಲ್ಲಿ ಉಳಿದಿದೆ.