ಗರಸಿನ ಗುಂಡಿಯನ್ನು ಮತ್ತೆ ಹೊಲವಾಗಿಸುವ ಕ್ರಮ

ಗರಸಿನ ಬೆಲೆ ಒಂದೇ ಸಲ ಬರತಕ್ಕದ್ದು. ಬೆಳೆಯಾದರೋ ವರ್ಷ ವರ್ಷವೂ ಬರತಕ್ಕದ್ದು. ಆದುದರಿಂದ ಗುಂಡಿಯನ್ನು ಮುಚ್ಚುವ ಕ್ರಮವನ್ನು ಅಗೆಯುವುದಕ್ಕೆ ಮುಂಚೆಯೇ ಗೊತ್ತುಮಾಡಬೇಕು. 1957ನೆಯ ಇಸವಿಯ ಖನಿಜ ಕಾಯಿದೆಯಂತೆ ಗರಸು ಉಪಖನಿಜವಾಗಿರುವುದರಿಂದ, ಸರ್ಕಾರದ ಅಪ್ಪಣೆಯಿಲ್ಲದೆ ಅದನ್ನು ತೆಗೆದು ಮಾರಲಾಗದು.

ಮೇಲ್ಮಣ್ಣೇ ಹೊಲದ ಜೀವ. ಒಂದು ಗುಂಟೆಯಲ್ಲಿ ಒಂದು ಅಡಿ ಆಳದ ಮಣ್ಣು 1,089 ಘನ ಅಡಿಯಾಗುವುದು. ಇದನ್ನು ತೇವ ಆರಿದಾಗ ತೆಗೆದು, ಕೆಳಮಣ್ಣಿನೊಡನೆ ಬೆರೆಸದೆ, ತಗ್ಗಾದ ಒಟ್ಟಿಲುಮಾಡಿ, ಮೇಲೆ ಹುರುಳಿ ಬಿತ್ತಿದರೆ ಮಳೆಗೆ ಕೊಚ್ಚಿಹೋಗದು.

ನೆಲವನ್ನು ಪಟ್ಟೆಪಟ್ಟೆಯಾಗಿ ಅಗೆಯಬೇಕು. ಮೊದಲ ಪಟ್ಟೆಯ ಗರಸು ತೀರಿದಮೇಲೆ, ಎರಡನೆಯದರ ಕೆಳಮಣ್ಣನ್ನು ಮೊದಲೂ ಮೇಲ್ಮಣ್ಣನ್ನು ಆಮೇಲೂ ಅದರಲ್ಲಿ ಹರಡತಕ್ಕದ್ದು. ಮೊದಲ ಪಟ್ಟೆಯ ಒಟ್ಟಿಲು ಕಡೆಯ ಪಟ್ಟೆಗೆ ಒದಗುವುದು. ಹೀಗಾದರೆ ಬಹುಪಾಲು ಮಣ್ಣನ್ನು ಎರಡು ಸಲ ಹೊರುವ ಖರ್ಚು ತಪ್ಪುವುದು. ಒಂದು ಕಾಲಕ್ಕೆ ಸ್ವಲ್ಪ ನೆಲ ಮಾತ್ರ ಬೀಳಾಗಿರುವುದು.

ಮಳೆಗಾಲದ ಅಂತರ್ಜಲಮಟ್ಟಕ್ಕಿಂತ ಮೇಲೆಯೇ ಅಗೆತವನ್ನು ನಿಲ್ಲಿಸಬೇಕು. ಇಲ್ಲವಾದರೆ ಗುಂಡಿಯು ಹೊಂಡವಾಗುವುದೇ ಹೊರತು ಹೊಲವಾಗದು. ನೆರೆಯವರ ಬದುವಿನಿಂದ ಸಾಕಷ್ಟು ದೂರ ಬಿಟ್ಟು, ದಡಗಳನ್ನು ಇಳಿಜಾರಾಗಿ ಸವರಬೇಕು. ಮಣ್ಣು ಹರಡಿದ ಮೇಲೆ ಕೊಟ್ಟಿಗೆ ಗೊಬ್ಬರವನ್ನು ಹಾಕಿ, ಅಪ್ಸೆಣಬನ್ನು ಬೆಳೆದು, ಹೂ ಬಿಡುವಾಗ ಉತ್ತು ಮಣ್ಣಿಗೆ ಸೇರಿಸತಕ್ಕದ್ದು.

ಈ ಷರತ್ತುಗಳನ್ನೆಲ್ಲ ಕರಾರುಪತ್ರದಲ್ಲಿ ಬರೆಯಿಸದೆ ಜಮೀನುದಾರರು ಗುದ್ದಲಿ ಹಾಕಗೊಡಬಾರದು. ಗ್ರಾಮದ ಮುಖಂಡರೂ ಈ ವಿಷಯದಲ್ಲಿ ಅವರಿಗೆ ತಿಳಿವಳಿಕೆ ಹೇಳುವುದು ಯುಕ್ತ.